ಮೂರನೇ ಕಿಟಕಿಯ ಕೂಸು

ಬಳ್ಳಾರಿ ಬಸ್‌ಸ್ಟ್ಯಾಂಡಿನಿಂದ ಒಂದು ದಿವಸ ಬೆಳಿಗ್ಗೆ ಹತ್ತು ಗಂಟಿಗೆ ಸರಿಯಾಗಿ ಸಿರುಗುಪ್ಪದ ಬಸ್ಸು ಹೊಂಟಿತು. ಬಸ್ಸಿನಾಗ ಎಂಟು ತಿಂಗಳ ಕೂಸೊಂದು ಇತ್ತು, ಅದರ ತಾಯಿ ಇದ್ದಿಲ್ಲ. ವಿಸಿಲ್ ಊದಿ ಬಸ್ಸು ಬಿಟ್ಟವ ನಾನು. ಇದನ್ನ ಮೊದ್ಲ ಹೇಳಿಬಿಡ್ತೀನಿ, ಯಾಕಂದ್ರ ಆಮ್ಯಾಲೆ ನಾನು ಎಷ್ಟು ಶಾಣ್ಯಾ ಇದ್ದೆ, ಎಷ್ಟು ಶಿಸ್ತಿನವ ಇದ್ದೆ ಅಂತ ಹೇಳಾಕ ಶುರು ಮಾಡಿದ್ರ ನೀವು ನಂಬಿಬಿಡ್ತೀರಿ.

ಎಪ್ಪತ್ತರ ದಶಕದ ಮಾತು. ನಾನು ಆಗ ಸ್ಟ್ಯಾಂಡಿನಾಗ ಕಂಟ್ರೋಲರ್. ಕಂಟ್ರೋಲರ್ ಅಂದ್ರ ಭಾಳ ದೊಡ್ಡ ಹುದ್ದೆ ಅಂತ ನಮ್ಮ ಮಾವನ ಮನಿಯವ್ರು ತಿಳ್ಕೊಂಡಿದ್ರು, ನಾನೂ ಬಿಡಿಸಿ ಹೇಳಾಕ ಹೋಗಿದ್ದಿಲ್ಲ. ಖರೇ ಹೇಳಬೇಕಂದ್ರ ಒಂದು ಕಟ್ಟಿಗಿ ಗೂಡು, ಒಂದು ಗೋಡೆ ಗಡಿಯಾರ, ಒಂದು ಉದ್ದನ ರಿಜಿಸ್ಟರ್, ಕೊಳ್ಳಾಗ ಒಂದು ವಿಸಿಲ್. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೋತು ಅಂತ ಬರಿಯೋದು. ಸಿಟ್ಟಂತೂ ನನಗ ಮೂಗಿನ ತುದಿಗೇ ಇರ್ತಿತ್ತು. ಬಸ್ಸು ತಡ ಆದ್ರ ಡ್ರೈವರ್‌ಗೆ ಬೈತಿದ್ದೆ, ಜಲ್ದಿ ಬಂದ್ರ ಯಾಕ ಜಲ್ದಿ ಬಂದಿ ಅಂತ ಬೈತಿದ್ದೆ. ಡ್ರೈವರ್‌ಗಳು ನನ್ನ ಬೆನ್ನ ಹಿಂದ ನನಗ ಗಡಿಯಾರಪ್ಪ ಅಂತ ಹೆಸರಿಟ್ಟಿದ್ರು. ಗೊತ್ತಿತ್ತು ನನಗ. ಒಳಗೊಳಗ ಖುಷಿನೂ ಇತ್ತು.

ಆ ವರ್ಷ ಮ್ಯಾಲಿನಿಂದ ಎರಡು ಹಾಳಿ ಬಂದ್ವು. ಒಂದು ಹಸಿರು ಹಾಳಿ, ಒಂದು ಹಳದಿ ಹಾಳಿ. ಹಸಿರು ಹಾಳಿ ಟೈಮಿಂದು. ಪ್ರತಿ ಸ್ಟ್ಯಾಂಡಿನವ್ರೂ ತಮಗ ತಾವ ಒಂದು ಗುರಿ ಬರಕೋಬೇಕು, ತಿಂಗಳಿಗೆ ಎಷ್ಟು ಬಸ್ಸು ಟೈಮಿಗೆ ಸರಿಯಾಗಿ ಬಿಡ್ತೀವಿ ಅಂತ. ಹಳದಿ ಹಾಳಿ ಸುರಕ್ಷತಿದು. ನಿಮ್ಮ ಸ್ಟ್ಯಾಂಡಿನಾಗ ಯಾವ್ಯಾವ ಜಾಗಾದಾಗ ಅಪಾಯ ಐತಿ, ಯಾವ ಬಸ್ಸಿನ ಯಾವ ಸಾಮಾನು ಕೆಟ್ಟೈತಿ, ಅದನ್ನ ಹೆಂಗ ಸರಿ ಮಾಡ್ತೀರಿ, ಅದಕ್ಕೊಂದು ಗುರಿ. ನಮ್ಮ ಮ್ಯಾಲಿನ ಸಾಹೇಬ್ರು ಎರಡೂ ಹಾಳಿ ನನ್ನ ಕೈಯಾಗ ಕೊಟ್ಟು, "ಕುಂತು ತುಂಬಬ್ಯಾಡ್ರಿ, ಅಡ್ಡಾಡಿ ನೋಡಿ ತುಂಬ್ರಿ" ಅಂದಿದ್ರು. ಹೂಂ ಅಂದೆ.

ಹಸಿರು ಹಾಳಿ ನೋಡಿ ನನ್ನ ಎದಿ ಉಬ್ಬಿತು. ತಿಂಗಳ ಪೂರ್ತಿ ಒಂದೂ ಬಸ್ಸು ತಡ ಇಲ್ಲ ಅಂತ ದಪ್ಪ ಅಕ್ಷರದಾಗ ಬರದೆ. ಹಳದಿ ಹಾಳಿ? ಅದನ್ನ ಮಿರ್ಚಿ ಮಂಡಕ್ಕಿ ತಿನ್ನಕೊಂತ ತುಂಬಿದೆ. ಒಂದು ಕೈಯಾಗ ಮಿರ್ಚಿ, ಒಂದು ಕೈಯಾಗ ಪೆನ್ನು. ಅಪಾಯದ ಜಾಗ: ಏನೂ ಇಲ್ಲ. ಬಾಗಿಲು: ಸರಿ ಅದಾವ. ಕಿಟಕಿ ಸರಳು: ಸರಿ ಅದಾವ. ಪ್ರಯಾಣಿಕರ ನಡತಿ: ಚೊಲೋ ಐತಿ. ಹಾಳಿ ಮ್ಯಾಲೆ ಎಣ್ಣಿ ಕಲೆ ಬಿತ್ತು, ಅದರ ಮ್ಯಾಲೆನ ಸಹಿ ಹಾಕಿ ಕಳಿಸಿದೆ.

ಪ್ರಯಾಣಿಕರ ನಡತಿ ಚೊಲೋ ಐತಿ ಅಂತ ಬರದ ಕೈಗೆ ಏನು ಮಾಡಬೇಕ್ರಿ? ನಮ್ಮ ಸ್ಟ್ಯಾಂಡಿನಾಗ ಬಸ್ಸು ಒಳಗ ಬರೋದು ನೋಡಿದವ್ರಿಗೆ ಗೊತ್ತು. ಬಸ್ಸು ಇನ್ನೂ ಗೇಟಿನಾಗ ತಿರುವಾಕತ್ತಿರ್ತಿತ್ತು, ಆಗಲೇ ಜನ ಅದರ ಜೊತಿಗೆ ಓಡಾಕ ಶುರು ಮಾಡ್ತಿದ್ರು. ಓಡಕೊಂತ ಓಡಕೊಂತ ಕಿಟಕ್ಯಾಗಿಂದ ಟವೆಲ್ ಒಗಿಯೋರು. ಟವೆಲ್ ಬಿದ್ದ ಸೀಟು ಅವರ್ದು, ಅದು ಎಲ್ಲರೂ ಒಪ್ಪಿದ ಕಾಯ್ದೆ, ಯಾವ ಪುಸ್ತಕದಾಗೂ ಇದ್ದಿಲ್ಲ. ಟವೆಲ್ ಇಲ್ಲದವ್ರು ಚೀಲ ಒಗಿಯೋರು, ಚೀಲ ಇಲ್ಲದವ್ರು ಚಪ್ಪಲಿ. ಒಬ್ಬ ಯಜಮಾನ ತನ್ನ ಪಟಗಾನ ಬಿಚ್ಚಿ ಒಳಗ ಒಗದು, ಬೋಳು ತಲಿಮ್ಯಾಲೆ ಕೈ ಇಟ್ಕೊಂಡು ಬಾಗಿಲ ಕಡೆ ಓಡಿದ್ದನ್ನ ನಾನ ಕಣ್ಣಾರೆ ನೋಡೀನಿ. ಮತ್ತ ಹೆಣ್ಮಕ್ಕಳು? ಅವ್ರು ಬಸ್ಸು ನಿಂತ ಮ್ಯಾಲೆ ಕಿಟಕ್ಯಾಗ ಕೂಸು ಇಡ್ತಿದ್ರು. ಕೂಸನ್ನ ಒಳಗ ಸೀಟಿನ ಮ್ಯಾಲೆ ಕುಂದ್ರಿಸಿ, "ಅಣ್ಣಾ, ಜರಾ ನೋಡಕೋ" ಅಂತ ಒಳಗ ಕುಂತ ಯಾರಿಗೋ ಹೇಳಿ, ಸೆರಗು ಬಿಗಿದು ಬಾಗಿಲ ಗದ್ದಲದಾಗ ನುಗ್ಗೋರು. ನೂಕ್ಯಾಟದಾಗ ಕೂಸು ಹಿಡಕೊಂಡು ಹತ್ತೋದಕ್ಕಿಂತ ಅದು ಎಷ್ಟೋ ಮೇಲು ಅಂತ ಅವರ ಲೆಕ್ಕ. ಲೆಕ್ಕ ತಪ್ಪೂ ಇದ್ದಿಲ್ಲ, ಯಾಕಂದ್ರ ತಾಯಿ ಹತ್ತೋತನಕ ಬಸ್ಸು ಹೊಂಡ್ತಿದ್ದಿಲ್ಲ. ಹಸಿರು ಹಾಳಿ ಬರೋತನಕ ಅಂತ ತಿಳಕೋರಿ.

ಹಸಿರು ಹಾಳಿ ಬಂದ ಮ್ಯಾಲೆ ನಾನು ಹೊಸ ಕಾಯ್ದೆ ಮಾಡಿದೆ. ವಿಸಿಲ್ ಬಿತ್ತಂದ್ರ ಬಾಗಿಲು ಹಾಕಬೇಕು. ಆಮ್ಯಾಲೆ ಯಾರು ಬಸ್ಸಿನ ತಗಡು ತಟ್ಟಿದ್ರೂ ನಿಲ್ಲಿಸಬಾರ್ದು. ನಿಲ್ಲಿಸಿದ್ರ ಮೆಮೊ. ಸಿರುಗುಪ್ಪ ಬಸ್ಸಿನ ಡ್ರೈವರ್ ಒಬ್ರು ಮುಸಲ್ಮಾನ ಹಿರೇರು, ಎಲ್ಲರೂ ಚಾಚಾ ಅಂತಿದ್ವಿ. ಭಾಳ ತಣ್ಣನ ಮನಷ್ಯ, ಹಾರ್ನ್ ಸುದ್ದಾ ಮೆತ್ತಗ ಹೊಡಿತಿದ್ರು. ಹಿಂದಿನ ದಿವಸನ ಅವ್ರು ವಿಸಿಲ್ ಆದ ಮ್ಯಾಲೆ ಒಬ್ಬ ಮುದುಕಿಗೆ ಅಂತ ಗೇಟಿನಾಗ ನಿಲ್ಲಿಸಿದ್ರು. ನಾನು ಓಡಿಹೋಗಿ ಎಲ್ಲರ ಮುಂದ, "ಏನ್ ಚಾಚಾ, ನಿಮ್ಮ ಮನಿ ಟಾಂಗಾ ಅಂತ ತಿಳ್ಕೊಂಡೀರೇನು?" ಅಂದುಬಿಟ್ಟೆ. ಅವ್ರು ಗೇರ್ ಹಾಕಿ ಬಸ್ಸು ಬಿಟ್ರು. ಕಂಡಕ್ಟರ್ ಮಾತ್ರ ನನ್ನ ಮುಖ ನೋಡಿ ನೆಲ ನೋಡಿದ.

ಮಾರನೇ ದಿವಸ ಹತ್ತು ಗಂಟಿ. ಬಸ್ಸು ಕುರುಗೋಡಿನ ಮ್ಯಾಲೆ ಹಾದು ಸುತ್ತಿ ಬಳಸಿ ಸಿರುಗುಪ್ಪಕ್ಕ ಹೋಗೋದು. ಸಂತಿ ದಿವಸ ಬ್ಯಾರೆ, ಜಾಗಾ ಅನ್ನೋದು ಇಲ್ಲ. ಬಾಗಿಲಾಗ ಜನ ಜೋತಾಡಾಕತ್ತಿದ್ರು. ನಾನು ಗಡಿಯಾರ ನೋಡಿದೆ, ದೊಡ್ಡ ಮುಳ್ಳು ಹನ್ನೆರಡಕ್ಕ ಬಂತು, ವಿಸಿಲ್ ಊದಿದೆ. ಕಂಡಕ್ಟರ್ ಒಳಗಿನವ್ರನ್ನ ಒಳಗ ದೂಡಿ, ಹೊರಗಿನವ್ರನ್ನ ಹೊರಗ ಬಿಟ್ಟು ಬಾಗಿಲು ಹಾಕಿದ. ಯಾರೋ ಧಬಧಬ ತಗಡು ತಟ್ಟಿದ್ರು. ಬಸ್ಸು ನಿಲ್ಲಲಿಲ್ಲ. ಭೇಷ್ ಅಂದ್ಕೊಂಡು ರಿಜಿಸ್ಟರಿನಾಗ ಹತ್ತು ಅಂತ ಬರದೆ.

ಬರದು ತಲಿ ಎತ್ತೋದರಾಗ ಒಬ್ಬಾಕಿ ಗೂಡಿನ ಮುಂದ ನಿಂತಿದ್ಲು. ಸಣ್ಣ ವಯಸ್ಸಿನ ಹೆಣ್ಮಗಳು, ಇಪ್ಪತ್ತರ ಆಸುಪಾಸು. ಕೂದಲೆಲ್ಲಾ ಬಿಚ್ಚಿತ್ತು, ಒಂದು ಕಾಲಾಗ ಚಪ್ಪಲಿ ಇದ್ದಿಲ್ಲ. ಸಿರುಗುಪ್ಪದಾಗ ತವರುಮನಿ, ಅಲ್ಲಿಗೆ ಹೊಂಟಿದ್ಲಂತ ಆಮ್ಯಾಲೆ ಗೊತ್ತಾತು.

"ಏನವ್ವಾ, ಬಸ್ಸು ತಪ್ಪಿತಾ? ಜಲ್ದಿ ಬರಬೇಕು, ಹತ್ತು ಅಂದ್ರ ಹತ್ತು" ಅಂದೆ.

"ಕೂಸು ಹೋತು" ಅಂದ್ಲು.

"ಎಲ್ಲಿಗೆ?"

"ಬಸ್ಸಿನಾಗ. ಕಿಟಕ್ಯಾಗ ಇಟ್ಟಿದ್ದೆ. ನಾ ಬಾಗಿಲಿಗೆ ಬರೋದರಾಗ ನೀ ಊದಿಬಿಟ್ಟಿ."

ನಾನು ಆಗ ಏನು ಮಾಡಬೇಕಿತ್ತು? ಗಾಬರಿ ಆಗಬೇಕಿತ್ತು. ನನ್ನ ಹಾಳು ಸಿಟ್ಟು, ಅದು ಗಾಬರಿಗಿಂತ ಮೊದ್ಲ ಬಂತು. "ಕೂಸಂದ್ರ ಏನು ಟವೆಲ್ ಅನ್ಕೊಂಡಿಯೇನವ್ವಾ ಒಗಿಯಾಕ?" ಅಂತ ಚೀರಿದೆ. ಸುತ್ತ ಜನ ಸೇರಿತು. ಆಕಿ ಅಳಾಕ ಶುರು ಮಾಡ್ತಾಳ ಅನ್ಕೊಂಡೆ, ಇಲ್ಲ. ನೆಟ್ಟಗ ನನ್ನ ಕಣ್ಣಾಗ ನೋಡಿ, "ನೀ ಗಡಿಯಾರದ ಮುಖ ನೋಡಿದಿ. ನಾ ಬಾಗಿಲಾಗ ನಿಂತು ಕೈ ಮಾಡಿ ಒದರಾಕತ್ತಿದ್ದೆ, ನನ್ನ ಮುಖ ನೋಡಿದ್ಯಾ?" ಅಂದ್ಲು. ನೋಡಿದ್ದಿಲ್ಲ.

"ಯಾವ ಕಿಟಕಿ?" ಅಂತ ಕೇಳಿದೆ.

"ಮುಂದಿನಿಂದ ಮೂರನೇದು."

ಆ ಬಸ್ಸಿನ ಮೂರನೇ ಕಿಟಕಿಗೆ ಸರಳು ಇದ್ದಿಲ್ಲ. ಹಿಂದಿನ ಸುಗ್ಗ್ಯಾಗ ಯಾರೋ ಮೆಣಸಿನಕಾಯಿ ಚೀಲ ತುರುಕಾಕ ಹೋಗಿ ಕಿತ್ತಿದ್ರು. ಅದಕ್ಕ ಆ ಕಿಟಕಿಗೆ ಜನ ಮುಗಿಬೀಳ್ತಿದ್ದು, ಟವೆಲ್ ಚೀಲ ಎಲ್ಲಾ ಸರಾಗ ಹೋಗ್ತಿದ್ವು, ಕೂಸೂ ಹೋಗ್ತಿತ್ತು. ಕಂಡಕ್ಟರ್ ನನಗ ಎರಡು ಸಲ ಹೇಳಿದ್ದ, ಮೂರನೇ ಕಿಟಕಿಗೆ ಸರಳು ಹಾಕಸ್ರಿ ಅಂತ. ಮಿರ್ಚಿ ತಿನ್ನಕೊಂತ ನಾನು ಬರದಿದ್ದೇನು? ಕಿಟಕಿ ಸರಳು: ಸರಿ ಅದಾವ. ಎಂಟು ತಿಂಗಳ ಕೂಸು, ಕುಂದ್ರಾಕ ಈಗ ಕಲ್ತಿರ್ತೈತಿ, ಏನು ಸಿಕ್ಕರೂ ಹಿಡದು ಏಳಾಕ ನೋಡ್ತೈತಿ. ಕಿಟಕಿ ಹಿಡದು ಎದ್ರ?

ಕುರುಗೋಡಿಗೆ ಫೋನ್ ಹಚ್ಚೋಣಂದ್ರ ಅಲ್ಲಿ ಇದ್ದ ಫೋನು ಅಂಚೆ ಕಚೇರಿದು, ಟ್ರಂಕ್ ಕಾಲ್ ಸಿಗೋದರಾಗ ಬಸ್ಸು ಸಿರುಗುಪ್ಪ ಮುಟ್ಟಿ ಊಟ ಮಾಡಿ ಮಲಗಿರ್ತಿತ್ತು. ಆ ಕಡೆ ಹೋಗೋ ಮುಂದಿನ ಬಸ್ಸು ಹತ್ತೂವರಿಗೆ. ಅದು ಆಗಲೇ ಬಂದು ನಿಂತಿತ್ತು, ಡ್ರೈವರ್ ಬೀಡಿ ಸೇದಾಕತ್ತಿದ್ದ. ನಾನು ಓಡಿ ಹೋಗಿ, "ತಗಿ ಗಾಡಿ, ಈಗಿಂದೀಗ ಹೊಂಡು" ಅಂದೆ.

ಅವ ಗಡಿಯಾರ ನೋಡಿದ. ನನ್ನ ನೋಡಿದ. "ಇನ್ನೂ ಟೈಮ್ ಆಗಿಲ್ಲಲ್ರಿ. ಟೈಮಿಗಿಂತ ಮೊದ್ಲು ಬಿಟ್ರ ಮೆಮೊ ಕೊಡ್ತೀರಲ್ಲ, ಹೋದ ವಾರನ ಕೊಟ್ಟೀರಿ."

"ಲೇ, ತಗಿಯೋ ಮಾರಾಯ!"

ತಗದ. ನಾನು ವಿಸಿಲ್ಲನ್ನ ವಿಚಾರಣೆ ಕಿಟಕಿಯ ಗುಮಾಸ್ತನ ಕೈಯಾಗ ಕೊಟ್ಟು, ಆ ಹೆಣ್ಮಗಳನ್ನ ಹತ್ತಿಸಿ ನಾನೂ ಹತ್ತಿದೆ. ಹತ್ತೂ ಹತ್ತಕ್ಕ ಹೊಂಟಿತು ಹತ್ತೂವರಿ ಬಸ್ಸು. ಚಾ ಕುಡಿಯಾಕ ಹೋದ ಜನ ಗ್ಲಾಸ್ ಹಿಡಕೊಂಡ ಓಡಿ ಬಂದ್ರು, ನಮಗ ಕೈಕೈ ತೋರಿಸಿ ಬೈದ್ರು. ಬೈಲಿ. ತಿಂಗಳ ಪೂರ್ತಿ ಅಂತ ದಪ್ಪ ಅಕ್ಷರದಾಗ ಬರದ ಗುರಿ ಅಲ್ಲೇ ಸ್ಟ್ಯಾಂಡಿನಾಗ ಕೆಡವಿ ಬಂದೆ.

ಆಕಿ ನನ್ನ ಮುಂದಿನ ಸೀಟಿನಾಗ ಕುಂತಿದ್ಲು. ಊರು ದಾಟಿದ ಮ್ಯಾಲೆ ಒಮ್ಮೆ ಸೆರಗು ಎದಿ ತುಂಬ ಹೊದ್ದುಕೊಂಡು, ಯಾರಿಗೋ ಹೇಳೋರಂಗ, "ಹಾಲು ಕುಡಿಯೋ ಹೊತ್ತಾತು ಅದಕ್ಕ" ಅಂದ್ಲು. ಅಷ್ಟೇ. ನನಗ ಎರಡು ಹೆಣ್ಣುಮಕ್ಕಳು ಆಗ, ಸಣ್ಣದು ಇನ್ನೂ ಅಂಬೆಗಾಲು ಇಡ್ತಿತ್ತು. ಆ ಮಾತು ಕೇಳಿ ನಾನು ಕಿಟಕಿ ಹೊರಗ ನೋಡಿದೆ. ನೋಡಿದ್ದೇನು, ರಸ್ತಾದ ಎರಡೂ ದಂಡಿಗೆ ಕಣ್ಣು ಹಾಯಿಸಿದೆ, ಎಲ್ಲೆರ ಏನರ ಬಿದ್ದೈತೇನು ಅಂತ. ಒಂದು ಕಡೆ ಬಿಳಿ ಬಟ್ಟಿ ಕಂಡು ಉಸಿರ ನಿಂತಂಗಾತು. ಹತ್ತಿರ ಹೋದ್ರ ಯಾರೋ ಒಣಗ ಹಾಕಿದ ಧೋತ್ರ. ಡ್ರೈವರ್ ಕನ್ನಡ್ಯಾಗ ನನ್ನ ಮುಖ ನೋಡಿ ಆ್ಯಕ್ಸಿಲರೇಟರ್ ತುಳದ. "ಜ್ವಾಕಿ, ಜ್ವಾಕಿ" ಅಂದೆ. ಜಲ್ದಿ ಹೋಗು ಅಂತ ಒಂದು ಬಾಯಿ, ಜ್ವಾಕಿ ಅಂತ ಇನ್ನೊಂದು ಬಾಯಿ. ಅವತ್ತ ಮೊದಲನೇ ಸಲ ಎರಡೂ ಹಾಳಿ ಒಟ್ಟಿಗೆ ಓದಿದೆ ಅಂತ ತಿಳಕೋರಿ.

ಮೊದಲನೇ ಸ್ಟಾಪಿನಾಗ ನಿಲ್ಲಿಸಿ ಕೇಳೋಣ ಅನ್ನೋದರಾಗ ಚಾದಂಗಡಿಯವ ತಾನ ಓಡಿ ಬಂದ. "ಕೂಸಿನ ತಾಯಿ ಇದರಾಗ ಅದಾಳೇನ್ರಿ?" ಅಂದ. ಚಾಚಾ ಅಲ್ಲಿ ನಿಲ್ಲಿಸಿ ಹೇಳಿ ಹೋಗಿದ್ರಂತ, ಹಿಂದ ತಾಯಿ ಬರ್ತಾಳ, ಕೂಸು ಚೆಂದಾಗೈತಿ, ಕುರುಗೋಡಿನಾಗ ಕಾಯ್ತೀವಿ ಅಂತ ಹೇಳ್ರಿ ಅಂತ. ಆಕಿ ಕಿಟಕ್ಯಾಗಿಂದ ಅರ್ಧ ಹೊರಗ ಬಂದು, "ಅಳಾಕತ್ತಿತ್ತಾ?" ಅಂದ್ಲು. "ಎಲ್ಲೀದವ್ವಾ, ನಗಾಕತ್ತಿತ್ತು" ಅಂದ ಅವ. ಬಸ್ಸಿನಾಗಿದ್ದವ್ರೆಲ್ಲಾ ಹೋ ಅಂದ್ರು. ಸ್ಟ್ಯಾಂಡಿನಾಗ ಬೈದವ್ರೂ ಅಂದ್ರು.

ಮುಂದಿನ ಸ್ಟಾಪಿಗೆ ಸುದ್ದಿ ನಮಗಿಂತ ಜೋರು ಓಡಿತ್ತು. ಒಬ್ಬ ತೆಲುಗು ಅಜ್ಜಿ ಶೇಂಗಾ ಬುಟ್ಟಿ ಮುಂದ ಇಟ್ಕೊಂಡು ಕುಂತಿದ್ಲು. "ಪಾಪ ಬಾಗುಂದಿ, ಏಡವಲೇದು" ಅಂದ್ಲು. ಕೂಸು ಚೆಂದಾಗೈತಿ, ಅತ್ತಿಲ್ಲ ಅಂತ. ಇಷ್ಟು ಹೇಳಿ ಸುಮ್ನಿರಬೇಕೋ ಬ್ಯಾಡೋ, ಒಂದು ಹಿಡಿ ಹಸಿ ಶೇಂಗಾ ತೆಗದು ತಾಯಿ ಉಡಿಗೆ ಹಾಕಿದ್ಲು. ಅದರ ಮುಂದಿನ ಸ್ಟಾಪಿನಾಗ ಒಬ್ಬ ಸೈಕಲ್ ಹಿಡಕೊಂಡು ನಿಂತಿದ್ದ. "ನೋಡೀನ್ರಿ, ನಾನ ನೋಡೀನಿ! ಗಂಡು ಕೂಸು, ತಲಿಗೆ ರುಮಾಲು ಸುತ್ಕೊಂಡು ಗೌಡನಂಗ ಕುಂತೈತಿ" ಅಂದ.

ಆಕಿ ಮುಖ ಬೆಳ್ಳಗಾತು. "ನಂದು ಹೆಣ್ಣುಕೂಸು" ಅಂದ್ಲು.

"ಸರಿಯಾಗಿ ನೋಡಿಯೇನಪಾ?" ಅಂತ ನಾನು ಕೇಳಿದೆ. "ರುಮಾಲು ಇತ್ರಿ, ಗಂಡ ಇರಬೇಕಲ್ಲ" ಅಂದ ಅವ. ರುಮಾಲು ನೋಡಿ ಗಂಡು ಅಂದನೋ, ಗಂಡು ನೋಡಿ ರುಮಾಲು ಅಂದನೋ, ಆ ಭೂಪನಿಗೂ ಗೊತ್ತಿದ್ದಿಲ್ಲ. ಅಲ್ಲಿಂದ ಕುರುಗೋಡಿನತನಕ ಆಕಿ ಕೈಯಾಗ ಶೇಂಗಾ ಹಿಡಕೊಂಡ ಕುಂತಿದ್ಲು, ಒಂದೂ ಬಾಯಿಗೆ ಹಾಕಲಿಲ್ಲ. ನಾನು ಮನಸ್ಸಿನಾಗ ಇದ್ದ ದೇವರಿಗೆಲ್ಲಾ ಕೈಮುಗದೆ, ಚಾಚಾನ ದೇವರಿಗೂ ಮುಗದೆ. ಆ ಕೂಸೊಂದು ಸರಿ ಇದ್ರ ಸಾಕು, ಈ ನೌಕರಿ ಹೋದ್ರೂ ಸರಿ ಅಂದ್ಕೊಂಡೆ, ಖರೇನ ಅಂದ್ಕೊಂಡೆ.

ಕುರುಗೋಡಿನಾಗ ಬೇವಿನ ಗಿಡದ ಕೆಳಗ ಸಿರುಗುಪ್ಪ ಬಸ್ಸು ನಿಂತಿತ್ತು. ಇಳಿಯೋ ಜನ ಇಳಿದಿದ್ರೂ ಮನಿಗೆ ಹೋಗಿದ್ದಿಲ್ಲ. ಬಸ್ಸಿನ ಸುತ್ತ ನಿಂತು ಕಾಯಾಕತ್ತಿದ್ರು. ಹತ್ತೋ ಜನನೂ ಹತ್ತಿದ್ದಿಲ್ಲ. ಹುಡುಕಿದ್ರೂ ಒಬ್ಬನೂ ಯಾಕ ತಡ ಅಂತ ಕೇಳಿದವ ಅಲ್ಲಿ ಇದ್ದಿಲ್ಲ. ನಾನು ಇಳಿಯೋದರಾಗ ಆಕಿ ನನ್ನ ದಾಟಿ ಓಡಿದ್ಲು, ಒಂದು ಕಾಲಾಗ ಚಪ್ಪಲಿ, ಒಂದು ಬರಿಗಾಲು. ನಾನು ಆಕಿ ಹಿಂದ ಬಸ್ಸಿನಾಗ ಏರಿದೆ.

ಮೂರನೇ ಕಿಟಕಿಯ ಸೀಟಿನಾಗ ಕೂಸು ಕುಂತಿತ್ತು. ತಲಿಗೆ ರುಮಾಲು ಖರೇನ ಇತ್ತು. ಯಾರೋ ಸೀಟು ಹಿಡಿಯಾಕ ಒಗದ ಟವೆಲ್ ಅದು, ಬಿಸಲು ಬಡಿತೈತಿ ಅಂತ ಸುತ್ತಿದ್ರು. ಅದರ ಕೆಳಗ ಬೆಳ್ಳಿ ಝುಮಕಿ ಹಾಕಿದ ಎರಡು ಸಣ್ಣ ಕಿವಿ. ಒಂದು ಕೈಯಾಗ ಕಂಡಕ್ಟರನ ಟಿಕೆಟ್ ಕಟ್ಟು, ಅದರ ಮೂಲಿ ಬಾಯಾಗ. ತಾಯಿನ್ನ ನೋಡಿ ಮೊದಲ ನಕ್ಕಿತು, ಆಮ್ಯಾಲೆ ನೆನಪಾದಂಗ ಬಿಕ್ಕಿ ಬಿಕ್ಕಿ ಅತ್ತಿತು. ಆಕಿನೂ ಅತ್ತಳು. ನನ್ನ ಕಣ್ಣಾಗೂ ನೀರು ಬಂದ್ವು, ಮುಚ್ಚಿಡೋದು ಯಾಕ.

ಆ ಸೀಟಿನ ಪಕ್ಕಕ್ಕ ಒಬ್ಬ ದಪ್ಪನ ಮನಷ್ಯ ನಿಂತಿದ್ರು. ಹತ್ತಿ ವ್ಯಾಪಾರದವ್ರಂತ, ಸಿರುಗುಪ್ಪಕ್ಕ ಹೊಂಟಿದ್ರು. ನೂರು ಕಿಲೋ ಆಸುಪಾಸು ಇರಬೇಕು ಆಳು. ಅವರ ಬಲಗೈ ಕಿಟಕಿಗೆ ಅಡ್ಡ ಇತ್ತು, ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ, ಸರಳು ಇರಬೇಕಾದ ಜಾಗಾದಾಗ. ಕೂಸು ತಾಯಿ ಕೈಗೆ ಹೋದ ಮ್ಯಾಲೆ ಅವ್ರು ಆ ಕೈ ತಗದ್ರು. ತಗಿಯಾಕ ಬರಲಿಲ್ಲ, ಎಡಗೈಲಿ ಹಿಡದು ಇಳಿಸಿಕೊಂಡ್ರು. ಚೌಕಟ್ಟಿನ ತಗಡು ಒತ್ತಿ ಮೊಣಕೈ ತನಕ ಕೆಂಪಗ ಬರೆ ಬಿದ್ದಿತ್ತು.

"ಬಳ್ಳಾರಿಯಿಂದ ಹಿಂಗ ನಿಂತೀರೇನ್ರಿ?" ಅಂತ ಕೇಳಿದೆ.

"ಮತ್ತ? ಕಿಟಕಿಗೆ ಸರಳಿಲ್ಲ ನೋಡ್ರಿ. ಎತ್ತಿಕೊಂಡ್ರ ಅಳ್ತಿತ್ತು, ಸೀಟಿನಾಗ ಇಟ್ರ ನಗ್ತಿತ್ತು. ಹೊರಗ ನೋಡಬೇಕಂತ ಅದಕ್ಕ."

"ಅದರ ಪಕ್ಕಕ್ಕ ಕುಂದ್ರಬಹುದಿತ್ತಲ್ರಿ. ಎಷ್ಟು ಜಾಗಾ ಐತಿ!"

ಅವ್ರು ನನ್ನನ್ನ ಎಲ್ಲೋ ದೂರದ ಊರಿಂದ ಬಂದವನನ್ನ ನೋಡಿದಂಗ ನೋಡಿದ್ರು. "ಹೆಂಗ ಕುಂದ್ರೋದ್ರಿ? ಅವರವ್ವಗ ಅಂತ ಸೀಟು ಹಿಡದೈತಲ್ಲ ಅದು" ಅಂದ್ರು.

ಬಸ್ಸಿನಾಗ ಕಾಲಿಡಾಕ ಜಾಗಾ ಇದ್ದಿಲ್ಲ. ಮುದುಕರು ನಿಂತಿದ್ರು, ಚೀಲದ ಮ್ಯಾಲೆ ಚೀಲ ಇತ್ತು. ಆ ಇಬ್ಬರ ಸೀಟಿನಾಗ ಅಂಗೈ ಅಗಲ ಕೂಸು, ಉಳಿದದ್ದು ಖಾಲಿ. ಒಂದು ತಾಸು ಯಾರೂ ಅದರ ಮ್ಯಾಲೆ ಕುಂತಿದ್ದಿಲ್ಲ. ನಾನು ಈ ಜನರ ಟವೆಲ್ಲಿಗೆ ಎಷ್ಟು ಬೈದಿದ್ದೆ!

ಚಾಚಾ ಕೆಳಗ ಗಿಡದ ನೆಳ್ಳಾಗ ನಿಂತಿದ್ರು. ಕೂಸಿನ ತಾಯಿ ಇಲ್ಲ ಅಂತ ಕಂಡಕ್ಟರ್‌ಗೆ ಗೊತ್ತಾದದ್ದು ಊರ ಹೊರಗ ಟಿಕೆಟ್ ಹರಿಯೋ ಮುಂದ ಅಂತ. ಎಲ್ಲರೂ ತಾಯಿ ಹಿಂದ ಗದ್ದಲದಾಗ ಅದಾಳ ಅಂತ ತಿಳ್ಕೊಂಡಿದ್ರು. "ಅಲ್ಲೇ ಬಸ್ಸು ತಿರುಗಿಸಬಹುದಿತ್ತಲ್ಲ ಚಾಚಾ" ಅಂದೆ, ಮೆತ್ತಗ.

"ತಿರುಗಿಸಬೇಕಂತಲೇ ಸ್ಟಿಯರಿಂಗ್ ಹಿಡದೆ ಬೇಟಾ. ನಿನ್ನೆ ನೀ ಟಾಂಗಾ ಅಂದದ್ದು ನೆನಪಾತು. ಅದಕ್ಕ ಮುಂದ ಹೊಡದೆ" ಅಂದ್ರು. ಸಿಟ್ಟಿಲ್ಲದ ಮಾತು. ಅದಕ್ಕ ಅದು ನನಗ ಕಪಾಳಕ್ಕ ಹೊಡದಂಗ ಆತು. "ತಪ್ಪಾತು ಚಾಚಾ, ಹೊಟ್ಟಿಗೆ ಹಾಕ್ಕೊಳ್ರಿ" ಅಂದೆ. ಅವ್ರು ನನ್ನ ಹೆಗಲಮ್ಯಾಲೆ ಕೈ ಇಟ್ಟು, "ಚಾ ಕುಡಿಸು" ಅಂದ್ರು. ಕುಡಿಸಿದೆ. ಬಸ್ಸಿನ ಜನಕ್ಕೆಲ್ಲಾ ಕುಡಿಸಿದೆ. ಬಸ್ಸು ಇನ್ನೂ ತಡ ಆತು.

ಮಾರನೇ ದಿವಸ ನಾನು ಸಾಹೇಬ್ರ ಹತ್ತಿರ ಹೋಗಿ ಹಳದಿ ಹಾಳಿ ವಾಪಸ್ ಕೇಳಿದೆ. ಅಡ್ಡಾಡಿ ನೋಡಿ ತುಂಬಿದೆ, ಒಂದೊಂದು ಬಸ್ಸಿನ ಒಂದೊಂದು ಕಿಟಕಿ ಕೈಲಿ ಹಿಡದು ಅಲುಗಾಡಿಸಿ. ಹಾಳಿ ಸಾಲಲಿಲ್ಲ, ಹಿಂಬದಿಗೂ ಬರದೆ. ಗುರಿ ಅನ್ನೋ ಜಾಗಾದಾಗ, ಕೂಸೂ ಅದರ ತಾಯಿನೂ ಒಂದೇ ಬಸ್ಸಿನಾಗ ಹೋಗಬೇಕು ಅಂತ ಬರದೆ. ಹಸಿರು ಹಾಳ್ಯಾಗ ಸಿರುಗುಪ್ಪ ಬಸ್ಸು ಯಾಕ ತಡ ಅನ್ನೋದಕ್ಕ, ಒಬ್ಬ ಪ್ರಯಾಣಿಕರು ತಮ್ಮ ತಾಯಿಗೆ ಕಾದಿದ್ದರಿಂದ ಅಂತ ಬರದೆ. ಸಾಹೇಬ್ರು ಎರಡೂ ಓದಿ ಕನ್ನಡಕ ತಗದು ಒರಸಿಕೊಂಡ್ರು. ಬೈತಾರ ಅನ್ಕೊಂಡೆ. "ಈ ಹಾಳ್ಯಾಗ ಎಣ್ಣಿ ಕಲೆ ಇಲ್ಲ ನೋಡ್ರಿ" ಅಂದ್ರು, ಅಷ್ಟೇ. ಆ ವಾರದಾಗ ಮೂರನೇ ಕಿಟಕಿಗೆ ಸರಳು ಬಂತು, ಆಮ್ಯಾಲೆ ಬಾಕಿ ಬಸ್ಸಿಗೂ ಬಂದ್ವು.

ಸರಳು ಹಾಕಿದ ಮ್ಯಾಲೆ ಹೊಸ ಗೋಳು ಶುರುವಾತು. ಕಿಟಕ್ಯಾಗ ಕೂಸು ಇಡಾಕ ಬರ್ತಿದ್ದಿಲ್ಲ, ಕೂಸು ಹಿಡಕೊಂಡು ಬಾಗಿಲಾಗ ನುಗ್ಗಬೇಕು. ಸಾಲಿನಾಗ ನಿಲ್ರಿ ಅಂತ ಒದರಿ ಒದರಿ ನನ್ನ ಗಂಟಲು ಬಿದ್ದಿತು. ಅಷ್ಟರಾಗ ತಿಂಗಳೋ ಎರಡು ತಿಂಗಳೋ ಆಗಿತ್ತು, ಒಂದು ದಿವಸ ಹತ್ತು ಗಂಟಿ ಹೊತ್ತಿಗೆ ಯಾರೋ ಸೀದಾ ನನ್ನ ಗೂಡಿಗೆ ಬಂದ್ರು. ಆಕೀನ. ಎರಡೂ ಕಾಲಾಗ ಚಪ್ಪಲಿ ಇತ್ತು. ಕೂಸು ದೊಡ್ಡದಾಗಿತ್ತು, ಎರಡು ಹಲ್ಲು ಬಂದಿದ್ವು.

"ಹಿಡಿ" ಅಂದ್ಲು. ಕೂಸನ್ನ ನನ್ನ ಎರಡೂ ಕೈಯಾಗ ಇಟ್ಟಳು. "ನಾ ಸೀಟು ಹಿಡದು ಕಿಟಕ್ಯಾಗ ಕರೀತೀನಿ. ಆಮ್ಯಾಲೆ ತಂದು ಕೊಡು."

"ಏ, ಏ, ಹತ್ತು ಗಂಟಿ ಆತವ್ವಾ, ನಾ ವಿಸಿಲ್ ಊದಬೇಕು!"

"ಊದು ನೋಡೋಣ" ಅಂದು ಹೊಂಟೇಬಿಟ್ಟಳು. ಓಡಲಿಲ್ಲ, ನೂಕಲಿಲ್ಲ. ಕೈ ಬೀಸಿಕೊಂತ ಆರಾಮಾಗಿ ಹೋದ್ಲು, ಮದುವಿಗೆ ಹೊಂಟವ್ರಂಗ.

ಊದೋದು ಹೆಂಗ್ರಿ? ಕೂಸು ನನ್ನ ಕೊಳ್ಳಾಗಿನ ವಿಸಿಲ್ ಹಿಡದು ತನ್ನ ಬಾಯಿಗೆ ಹಾಕ್ಕೊಂಡಿತ್ತು. ಚಾಚಾ ಸ್ಟಿಯರಿಂಗ್ ಮುಂದ ಕುಂತು ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ಗಡಿಯಾರದಾಗ ದೊಡ್ಡ ಮುಳ್ಳು ಹನ್ನೆರಡು ದಾಟಿತು. ನಾನು ಮೊದಲನೇ ಸಲ ಅದನ್ನ ಬಿಟ್ಟು ಬಾಗಿಲಾಗಿನ ಮುಖ ಒಂದೊಂದಾಗಿ ನೋಡಿದೆ, ಯಾರು ಹತ್ತಿದ್ರು, ಯಾರು ಇನ್ನೂ ಕೈ ಮಾಡಾಕತ್ತಾರ ಅಂತ. ಮೂರನೇ ಕಿಟಕ್ಯಾಗ ಸರಳಿನ ಹಿಂದ ಆಕಿ ಮುಖ ಬಂತು. ಕೂಸು ತಾಯಿನ್ನ ಕಂಡು ನನ್ನ ಕೊಳ್ಳಾಗಿನ ದಾರ ಎಳದು ಎರಡೂ ಕಾಲು ಬಡಿತು. ತಗೊಂಡು ಹೋಗಿ ಬಾಗಿಲಾಗ ಕಂಡಕ್ಟರನ ಕೈಗೆ ಕೊಟ್ಟೆ, ಅವ ತಾಯಿಗೆ ಕೊಟ್ಟ. ಅದರ ಜೊಲ್ಲು ಹತ್ತಿದ ವಿಸಿಲ್ ಅಂಗಿಗೆ ಒರಸಿ ಊದಿದೆ.

ಅದನ್ನ ನೋಡಿದ ಉಳಿದ ತಾಯಂದಿರು ಸುಮ್ನಿರ್ತಾರೇನು? ಮಾರನೇ ದಿವಸದಿಂದ ನನ್ನ ಗೂಡಿನ ಮುಂದ ಸಾಲು ಹತ್ತಿತು. ಸಾಲಿನಾಗ ನಿಲ್ಲಾಕ ಕಲಸೋದು ನನ್ನ ಕೈಲಿ ಆಗದ ಕೆಲಸ, ಅದು ಹಿಂಗ ಆತು. ಸಂತಿ ದಿವಸ ಒಂದು ಕೈಯಾಗ ಒಂದು, ಇನ್ನೊಂದು ಕೈಯಾಗ ಇನ್ನೊಂದು, ಮೇಜಿನ ಮ್ಯಾಲೆ ರಿಜಿಸ್ಟರಿನ ಮ್ಯಾಲೆ ಒಂದು. ರಿಜಿಸ್ಟರ್ ಎಷ್ಟೋ ಸಲ ತೊಯ್ದೈತಿ. ನಿವೃತ್ತಿ ಆಗೋತನಕ ನಾನು ಆ ಸ್ಟ್ಯಾಂಡಿನಿಂದ ಎಷ್ಟು ಬಸ್ಸು ಬಿಟ್ಟೆನೋ ದೇವರಿಗೇ ಗೊತ್ತು. ಕೆಲವು ಟೈಮಿಗೆ ಹೋದ್ವು, ಕೆಲವು ಹೋಗಲಿಲ್ಲ. ನನ್ನ ಎರಡೂ ಕೈ ಖಾಲಿ ಆಗೋತನಕ ಒಂದನ್ನೂ ಬಿಡಲಿಲ್ಲ.